'ಘರೌಂದಾ'ದ ಬಿಲ್ಡರ್ ಎಲ್ಲಿ ಹೋದ?

ವಾಗ್ಳೆ ಎಸ್ಟೇಟಿನ ನಮ್ಮ ಆಫೀಸಿನ ಎಳೆಯ ದಂಪತಿ ಮೊದಲ ಫ್ಲ್ಯಾಟ್ ಬುಕ್ ಮಾಡಿದ ವಾರ, ಭೀಮಸೇನ್ ಅವರ 'ಘರೌಂದಾ' (1977) ಮತ್ತೆ ನೋಡಿದೆ. ಹಾಡುಗಳು ಎಲ್ಲರಿಗೂ ನೆನಪಿವೆ, ಕಥೆ ಅಷ್ಟಿಲ್ಲ. ಮುಂಬಯಿಯ ಒಂದೇ ಆಫೀಸಿನ ಸುದೀಪ್, ಛಾಯಾ ಕೂಡಿಟ್ಟು ಕಟ್ಟಿದ ಹಣದೊಡನೆ ಬಿಲ್ಡರ್ ಪರಾರಿ. ಹೃದ್ರೋಗಿ ಬಾಸನ್ನು ಮದುವೆಯಾಗು, ಅವರು ಹೆಚ್ಚು ದಿನ ಉಳಿಯಲಾರರು ಎಂದು ಛಾಯಾಳನ್ನು ಒಪ್ಪಿಸುವವನು ಸುದೀಪನೇ. ಅಮೋಲ್ ಪಾಲೇಕರರ ಸಾಧು ಮುಖದಿಂದ ಆ ಲೆಕ್ಕಾಚಾರ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. (ಎಸ್ಟಿಮೇಟ್ ಹಾಕುವುದೇ ಕಸುಬಾದ ನನಗೆ ಆ ದನಿ ತೀರಾ ಅಪರಿಚಿತವೂ ಅಲ್ಲ.)

ನನ್ನ ತಕರಾರು ಬೇರೆ. ಅಲ್ಲಿಂದಾಚೆ ಚಿತ್ರ ಸುದೀಪನ ನೀತಿಯನ್ನಷ್ಟೇ ವಿಚಾರಣೆಗೆ ನಿಲ್ಲಿಸುತ್ತದೆ. ಮಹಾರಾಷ್ಟ್ರದಲ್ಲಿ 1963ರಿಂದಲೇ ಫ್ಲ್ಯಾಟ್ ಕಾನೂನಿತ್ತು. ಅದನ್ನು ದಾಟಿ ಬಿಲ್ಡರ್ ಹೇಗೆ ಹೋದ ಎಂಬುದು ಚಿತ್ರಕ್ಕೆ ಬೇಡ. ಖರೀದಿದಾರರ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕೆಂಬ ರೇರಾ ಕಾಯ್ದೆಗೆ 2016ರವರೆಗೆ ಕಾಯಬೇಕಾಯಿತು.

"ರೇರಾ ನಂಬರ್ ಇದೆ ಸರ್" ಎಂದು ನಮ್ಮ ಹುಡುಗಿ ಮೊಬೈಲ್ ತೋರಿಸಿದಳು. ಈ ಸಿನಿಮಾ ನೋಡಮ್ಮ ಅಂತ ಹೇಳಲು ಬಾಯಿ ಬರಲಿಲ್ಲ.