ಕೂರದ ಕುರ್ಚಿ: ಸ್ಟುಡಿಯೋ ಫೋಟೊ ಓದುವ ಬಗೆ

ನಮ್ಮ ಮನೆಯಲ್ಲಿ ಅಪ್ಪನದ್ದು ಅಂತ ಇರುವುದು ಒಂದೇ ಒಂದು ಫೋಟೊ. ಬಂಟ್ವಾಳ ಪೇಟೆಯ ಒಂದು ಸ್ಟುಡಿಯೋದಲ್ಲಿ, 1974ರ ನೆರೆಗಿಂತ ಮೊದಲು ತೆಗೆಸಿದ್ದು. ಹಿಂದಿನ ಪರದೆಯಲ್ಲಿ ಬಣ್ಣದಲ್ಲಿ ಬರೆದ ಕಂಬ, ಮೆಟ್ಟಿಲು, ಹೂಕುಂಡ. ಮುಂದೆ ಕೆತ್ತನೆಯ ಕುರ್ಚಿ. ಅಪ್ಪ ಅದರ ಪಕ್ಕ ನಿಂತಿದ್ದಾನೆ. ಮೈಮೇಲಿನ ಕೋಟು ಸ್ಟುಡಿಯೋದ್ದು, ತೋಳು ಬೆರಳ ತನಕ ಇಳಿದಿದೆ. ಕುರ್ಚಿ ಖಾಲಿ.

ಈ ಫೋಟೊ ಹಿಡಿದುಕೊಂಡು ನಾನು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ. ದುಡ್ಡು ಕೊಟ್ಟ ಗಿರಾಕಿಯನ್ನೂ ಕೂರಲು ಬಿಡಲಿಲ್ಲ ನೋಡಿ ಎಂದಿದ್ದೇನೆ. ಚಪ್ಪಾಳೆಯೂ ಬಿದ್ದಿದೆ. ಆ ಓದು ಪೂರ್ತಿ ಸರಿಯಲ್ಲ ಎಂದು ತಿಳಿದದ್ದು ತೀರಾ ತಡವಾಗಿ.

ಸಣ್ಣ ಪೇಟೆಗಳ ಮೊದಲ ಫೋಟೊಗ್ರಾಫರುಗಳ ಬಗ್ಗೆ ಬರುವ ಬರಹಗಳಿಗೆ ಒಂದು ಸಿದ್ಧ ಮಾದರಿಯುಂಟು. ಬಡತನದಲ್ಲಿ ಹುಟ್ಟಿದರು, ಪಟ್ಟಣದಲ್ಲಿ ಕೆಲಸ ಕಲಿತರು, ಸಾಲ ಮಾಡಿ ಕ್ಯಾಮರಾ ತಂದರು, ಊರಿನ ಮೂರು ತಲೆಮಾರಿನ ನೆನಪು ಕಾಪಾಡಿದರು. ಇದು ಸುಳ್ಳಲ್ಲ. ಕರಿಬಟ್ಟೆಯೊಳಗೆ ತಲೆ ಹಾಕಿ, ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಮುಖವನ್ನು ಹದಕ್ಕೆ ತರುತ್ತಿದ್ದವರ ಶ್ರಮವನ್ನು ಅಲ್ಲಗಳೆಯುವುದು ನನ್ನ ಉದ್ದೇಶವೂ ಅಲ್ಲ. ಆದರೆ 'ಊರಿನ ನೆನಪು' ಎನ್ನುವಾಗ ಆ ಊರಿನಲ್ಲಿ ಯಾರು ಯಾರಿದ್ದಾರೆ ಎಂದು ಕೇಳಬೇಕಾಗುತ್ತದೆ. ನಮ್ಮ ಕೇರಿ ಆ ನೆನಪಿನಲ್ಲಿ ಎಲ್ಲಿದೆ?

ಕ್ಯಾಮರಾ ನಮ್ಮವರ ಹತ್ತಿರ ಮೊದಲು ಬಂದದ್ದು ಗಿರಾಕಿಯನ್ನು ಹುಡುಕಿಕೊಂಡು ಅಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ 8 ಸಂಪುಟಗಳನ್ನು ಹೊರತಂದಿತು. ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ವಿಂಗಡಿಸಿ ತೋರಿಸುವುದೇ ಅದರ ಕೆಲಸ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ಜೊತೆ ಸೇರಿ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ 7 ಸಂಪುಟ ಪ್ರಕಟಿಸಿದ. ನಮ್ಮ ಕೊರಗರ ಮೇಲೂ ಅದರಲ್ಲಿ ಬರಹ ಉಂಟು. ತಲೆ, ಮೂಗುಗಳನ್ನು ಉಪಕರಣ ಹಿಡಿದು ಅಳೆದ ಮನುಷ್ಯ ಅವನು. ಇಂಥ ಪುಸ್ತಕಗಳ ಚಿತ್ರದಲ್ಲಿ ನಿಂತವನಿಗೆ ಜಾತಿ ಇರುತ್ತದೆ, ಹೆಸರು ಇರುವುದಿಲ್ಲ. ಫೋಟೊ ತೆಗೆಯಿರಿ ಎಂದು ಅವನು ಕೇಳಿದ್ದೂ ಅಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ ಸ್ಟುಡಿಯೋ ಎಂಬುದು ದೊಡ್ಡ ಪಲ್ಲಟ. ಅಲ್ಲಿಗೆ ಮನುಷ್ಯ ತನ್ನ ಕಾಲಲ್ಲೇ ನಡೆದು ಹೋಗುತ್ತಾನೆ, ತನ್ನ ಕೂಲಿಯ ದುಡ್ಡು ಕೊಡುತ್ತಾನೆ, ಹೆಸರು ಹೇಳಿ ರಶೀದಿ ಪಡೆಯುತ್ತಾನೆ. ಆಫ್ರಿಕಾದ ಬಮಾಕೋ ಪಟ್ಟಣದಲ್ಲಿ 1948ರಲ್ಲಿ ಸ್ಟುಡಿಯೋ ತೆರೆದ ಸೇದು ಕೇಟಾ ಗಿರಾಕಿಗಳಿಗೆಂದೇ ಸೂಟು, ವಾಚು, ರೇಡಿಯೋ ಇಟ್ಟಿದ್ದ. ಮಧ್ಯಪ್ರದೇಶದ ನಾಗ್ದಾ ಎಂಬ ಸಣ್ಣ ಪೇಟೆಯ ಸ್ಟುಡಿಯೋಗಳನ್ನು ಅಭ್ಯಾಸ ಮಾಡಿದ ಕ್ರಿಸ್ಟೋಫರ್ ಪಿನ್ನೆ 1997ರ ತನ್ನ 'ಕ್ಯಾಮರಾ ಇಂಡಿಕಾ'ದಲ್ಲಿ ಇಂಥ ಚಿತ್ರಗಳ ಬಗ್ಗೆ ಬರೆದಿದ್ದಾನೆ. ಮನುಷ್ಯ ಏನಾಗಿದ್ದಾನೆ ಎನ್ನುವುದಕ್ಕಿಂತ ಏನಾಗಬಲ್ಲ ಎಂಬುದನ್ನು ಅವು ತೋರಿಸುತ್ತವೆ ಎಂಬುದು ಅವನ ವಾದದ ಸಾರ. ಅಪ್ಪನ ಮೈಮೇಲಿನ ಕೋಟಿಗೆ ಈ ಮಾತು ಹೊಂದುತ್ತದೆ. ಆದರೆ ಕುರ್ಚಿಗೆ ಹೊಂದುವುದಿಲ್ಲ. ಬಯಕೆಗೂ ನಮ್ಮಲ್ಲಿ ಜಾತಿಯ ಎಲ್ಲೆ ಇದೆ ಎಂಬುದನ್ನು ಈ ವಾದ ಸಾಕಷ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂಡುಬಿದಿರೆಯಲ್ಲಿ ಹಿಂದೆ ಸ್ಟುಡಿಯೋ ಕೆಲಸಕ್ಕಿದ್ದ ಒಬ್ಬ ಹಿರಿಯರನ್ನು ಕಂಡಿದ್ದೆ. ನೆಗೆಟಿವ್ ಮೇಲೆ ಸಪೂರ ಪೆನ್ಸಿಲ್ಲಿನಿಂದ ಮುಖ ತಿದ್ದುವುದು ಅವರ ಕೆಲಸ. ನೆಗೆಟಿವ್‌ನಲ್ಲಿ ಕಪ್ಪು ಹೆಚ್ಚಿದಷ್ಟೂ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತದೆ. "ಬೆಳ್ಳಗೆ ಮಾಡದಿದ್ದರೆ ಗಿರಾಕಿ ಫೋಟೊ ಬಿಟ್ಟು ಹೋಗ್ತಾರೆ ಮಾರಾಯ್ರೆ" ಅಂದರು. ಹಳೆಯ ಆರ್ಥೊಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಬಣ್ಣ ಹಿಡಿಯುತ್ತಿರಲಿಲ್ಲ, ಕಂದು ಮೈ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತಿತ್ತು. ಅಂದರೆ ಪ್ಲೇಟೂ ನಮ್ಮ ಮೈಬಣ್ಣವನ್ನು ಸರಿಯಾಗಿ ಕಾಣಲಿಲ್ಲ, ಪೆನ್ಸಿಲೂ ಹಾಗೇ ಇರಗೊಡಲಿಲ್ಲ. ಇದನ್ನು ಬರೀ ತಾಂತ್ರಿಕ ಸಂಗತಿ ಎಂದು ಬಿಡಲು ಬರುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಭೂತಕೋಲ. ನಲಿಕೆ, ಪರವ, ಪಂಬದ ಜಾತಿಯ ಕಲಾವಿದರು ಅಣಿ ಕಟ್ಟಿ ನಿಂತ ಫೋಟೊಗಳಿಗೆ ಬರವಿಲ್ಲ. ಅಡಿಯಲ್ಲಿ ದೈವದ ಹೆಸರು ಇರುತ್ತದೆ, ಕಟ್ಟಿದವನದ್ದು ಹೆಚ್ಚಾಗಿ ಇರುವುದಿಲ್ಲ. ಬಣ್ಣ ತೊಳೆದ ಮೇಲೆ ಆ ಮುಖದ ಫೋಟೊ ಯಾರಿಗೂ ಬೇಡ. ಕೊರಗಜ್ಜನ ಚಿತ್ರ ಇವತ್ತು ರಿಕ್ಷಾಗಳ ಗಾಜಿನ ಮೇಲೆಲ್ಲಾ ಉಂಟು. ಅದನ್ನು ಅಂಟಿಸಿಕೊಂಡ ಎಷ್ಟು ಮನೆಗಳಲ್ಲಿ ಒಬ್ಬ ಕೊರಗನಿಗೆ ಚಾವಡಿಯ ಕುರ್ಚಿ ಸಿಕ್ಕಿದೆ?

ಈಗ ಅಪ್ಪನ ಫೋಟೊಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿಯಲ್ಲಿ ನನ್ನ ಭಾಷಣ ಕೇಳಲು ಅಮ್ಮ ಬಂದಿದ್ದಳು. ರಾತ್ರಿ ಉಣ್ಣುವಾಗ ಹೇಳಿದಳು: "ನೀನು ಹೇಳಿದ್ದು ಸುಳ್ಳು ಮಗಾ. ಫೋಟೊದವರು ಕೂತ್ಕೊ ಅಂತ ಎರಡು ಸಲ ಹೇಳಿದ್ರು. ಗಲ್ಲ ಮುಟ್ಟಿ ಮುಖ ಸರಿ ಮಾಡಿದ್ರು. ನಿನ್ನ ಅಪ್ಪನೇ ಕೂರ್ಲಿಲ್ಲ."

"ಯಾಕೆ?"

"ಧಣಿಗಳು ಅದೇ ಕುರ್ಚಿಯಲ್ಲಿ ಕೂತ ಫೋಟೊ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಇತ್ತಲ್ಲ."

ನಾನು ಉತ್ತರ ಕೊಡಲಿಲ್ಲ. ಇಷ್ಟು ವರ್ಷ ನಾನು ಕ್ಯಾಮರಾದ ಹಿಂದೆ ನಿಂತವನನ್ನು ಮಾತ್ರ ವಿಚಾರಣೆಗೆ ಎಳೆದಿದ್ದೆ. ಊರಿನಲ್ಲಿ ಯಾರೂ ಮುಟ್ಟದ ಗಲ್ಲವನ್ನು ಅವನು ಮುಟ್ಟಿದ್ದ. ಅಪ್ಪನಿಗೆ ಇದು ಎಷ್ಟು ದೊಡ್ಡದಾಗಿತ್ತೋ, ಅಮ್ಮ ಇಷ್ಟು ಕಾಲದ ಮೇಲೂ ಮರೆತಿಲ್ಲ. ಆದರೆ ಅದೇ ಫೋಟೊಗ್ರಾಫರ್ ಧಣಿಯ ಚಿತ್ರವನ್ನು ಬಾಗಿಲಲ್ಲಿ ಇಟ್ಟಿದ್ದ. ವ್ಯಾಪಾರ ಹಾಗೆಯೇ ನಡೆಯುವುದು. ಒಳಗಿನ ಬೆರಳು ಕರೆದದ್ದನ್ನು ಬಾಗಿಲ ಚಿತ್ರ ತಡೆಯಿತು. ಜಾತಿ ಯಾರ ಬಾಯಿಂದಲೂ ಮಾತಾಡಬೇಕಾಗಿರಲಿಲ್ಲ. ಅಪ್ಪನ ಕಾಲಿಗೇ ಅದು ಗೊತ್ತಿತ್ತು.

ದಲಿತ ವಿಮರ್ಶೆ ಆರೋಪಪಟ್ಟಿಯಷ್ಟೇ ಆದರೆ ಇಂಥ ಫೋಟೊವನ್ನು ಓದಲಾರದು. ಹೊಗಳಿಕೆಯ ಜೀವನಚರಿತ್ರೆಗಳಂತೂ ಮೊದಲೇ ಓದಲಾರವು. ಫೋಟೊಗ್ರಾಫರನ ಬದುಕನ್ನು ಬರೆಯುವವರು ಅವನ ಕ್ಯಾಮರಾ, ಪ್ರಶಸ್ತಿಗಳ ಜೊತೆ ಅವನ ಶೋಕೇಸನ್ನೂ ಬರೆಯಬೇಕು. ಯಾರು ಬಂದರು, ಯಾರು ಬರಲಿಲ್ಲ, ಬಂದವರು ಎಲ್ಲಿ ನಿಂತರು?

ಇದನ್ನು ಓದುವ ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಮಾತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳೆ ಸ್ಟುಡಿಯೋಗಳ ಅಟ್ಟದಲ್ಲಿ ನೆಗೆಟಿವ್ ಪೆಟ್ಟಿಗೆಗಳು ಉಳಿದಿದ್ದರೆ ಗುಜರಿಗೆ ಹೋಗುವ ಮೊದಲು ನೋಡಿ ಬನ್ನಿ. ಕೇರಿಗಳಿಗೆ ಹೋಗಿ ಗೋಡೆಯ ಫೋಟೊ ಇಳಿಸಿ, ಇದು ಯಾರು ಎಂದು ಹಿರಿಯರನ್ನು ಕೇಳಿ. ಹಿಂದೆ ಹೆಸರು ಬರೆಯಿರಿ. ನಾನು ಅಪ್ಪನ ಫೋಟೊದ ಹಿಂದೆ ಅವನ ಹೆಸರು ಬರೆದದ್ದು ಅಮ್ಮ ಮಾತಾಡಿದ ಆ ರಾತ್ರಿಯೇ. ಅಲ್ಲಿಯವರೆಗೆ ಅದೂ ಥರ್ಸ್ಟನ್ನನ ಫೋಟೊದ ಹಾಗೆ ಹೆಸರಿಲ್ಲದ್ದೇ ಆಗಿತ್ತು.