ಯಾಪ್ಯವ್ಯಾಧಿಯೂ ಸಮಾಧಾನವಾಕ್ಯವೂ

ಚರಕಸಂಹಿತೆಯು ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು. ಮೊದಲಿನ ಎರಡು ಗುಣವಾಗತಕ್ಕವು. ಕಡೆಯದು ವೈದ್ಯನು ಕೈಬಿಡತಕ್ಕುದು. ನಡುವಣ ಯಾಪ್ಯವೆಂಬುದು ಮಾತ್ರ ವಿಚಿತ್ರವಾದುದು. ಅದು ವಾಸಿಯಾಗುವುದೂ ಇಲ್ಲ, ಬೇಗನೆ ಕೊಲ್ಲುವುದೂ ಇಲ್ಲ. ಪಥ್ಯೌಷಧಗಳ ಆಸರೆಯಿಂದ ರೋಗಿಯು ಅದರೊಡನೆ ಕಾಲಯಾಪನೆ ಮಾಡಬೇಕಾಗುವುದು. ವೈದ್ಯಶಾಸ್ತ್ರವು ಇದಕ್ಕೆ ಹೀಗೆ ಪ್ರತ್ಯೇಕವಾದ ಹೆಸರನ್ನಿತ್ತಿದ್ದರೂ ಕಾವ್ಯಶಾಸ್ತ್ರವು ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಂತೆ ತೋರುವುದಿಲ್ಲ. ಭರತಮುನಿಯು ವ್ಯಾಧಿಯನ್ನು 33 ವ್ಯಭಿಚಾರಿಭಾವಗಳಲ್ಲಿ ಒಂದಾಗಿ ಎಣಿಸಿರುವನು. ವ್ಯಭಿಚಾರಿಯೆಂದರೆ ಬಂದು ಹೋಗತಕ್ಕುದಷ್ಟೆ. ವಿರಹಿಣಿಯ ಜ್ವರವು ನಾಯಕನು ಬಾಗಿಲಿಗೆ ಬಂದೊಡನೆ ಇಳಿಯುವುದು. ಅತಿಥಿಯಾಗಿ ಬಂದು ಮನೆಯ ಯಜಮಾನನಂತೆ ಕುಳಿತುಬಿಟ್ಟ ವ್ಯಾಧಿಯ ಗತಿಯೇನು? ಹತ್ತು ಇಪ್ಪತ್ತು ವರ್ಷ ಹಾಸಿಗೆಯಲ್ಲಿರುವವನಿಗೆ ಹೇಳತಕ್ಕ ಮಾತು ಯಾವುದು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಒಂದು ಕ್ರೈಸ್ತ ಗ್ರಂಥವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥದ ಹೆಸರು ‘ರೋಸ್ ಫ್ರಮ್ ಬ್ರಯರ್’; ಮುಳ್ಳುಪೊದೆಯ ಗುಲಾಬಿ ಎಂದು ಕನ್ನಡಿಸಬಹುದು. 1933ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಗ್ರಂಥಕರ್ತ್ರಿಯಾದ ಏಮಿ ಕಾರ್ಮೈಕಲ್ ಎಂಬವರು 1867ರಲ್ಲಿ ಐರ್ಲೆಂಡಿನ ಉತ್ತರಭಾಗದ ಮಿಲ್ಐಲ್ ಎಂಬ ಊರಿನಲ್ಲಿ ಜನಿಸಿದವರು. ಜಪಾನಿನಲ್ಲಿ ಸ್ವಲ್ಪಕಾಲವಿದ್ದು ಆರೋಗ್ಯ ಕೆಟ್ಟು ಹಿಂದಿರುಗಿದ ಮೇಲೆ 1895ರಲ್ಲಿ ಹಿಂದೂದೇಶಕ್ಕೆ ಬಂದರು. ಅವರು ಮೊದಲು ನೆಲೆಸಿದ ಊರು ನಮ್ಮ ಬೆಂಗಳೂರೇ. ಅಲ್ಲಿಗೆ ಬಂದಾಗಲೇ ಅವರಿಗೆ ಡೆಂಗಿ ಜ್ವರವಿದ್ದಿತು. ಅನಂತರ ತಿರುನೆಲ್ವೇಲಿ ಸೀಮೆಗೆ ಹೋಗಿ, ದೋಹ್ನಾವೂರೆಂಬ ಗ್ರಾಮದಲ್ಲಿ ಅನಾಥ ಬಾಲಿಕೆಯರಿಗೂ, ದೇವಾಲಯಗಳ ಸೇವೆಗೆಂದು ಒಪ್ಪಿಸಲ್ಪಡಲಿದ್ದ ಮಕ್ಕಳಿಗೂ ಆಶ್ರಯವನ್ನು ಕಲ್ಪಿಸಿ, ಎಲ್ಲರಿಂದಲೂ ‘ಅಮ್ಮ’ ಎಂದು ಕರೆಯಿಸಿಕೊಂಡರು. ಸ್ವದೇಶಕ್ಕೆ ಮತ್ತೆ ಹೋಗಲೇ ಇಲ್ಲ. 1931ನೆಯ ಅಕ್ಟೋಬರ್ 24ರ ಸಂಜೆ, ಕಳಕ್ಕಾಡು ಎಂಬಲ್ಲಿ ಔಷಧಾಲಯಕ್ಕಾಗಿ ಅಣಿಮಾಡುತ್ತಿದ್ದ ಮನೆಯೊಂದನ್ನು ನೋಡಹೋದಾಗ, ಮಬ್ಬುಗತ್ತಲೆಯಲ್ಲಿ ಅಲ್ಲಿ ತೋಡಿದ್ದ ಗುಂಡಿಯೊಳಗೆ ಬಿದ್ದು ಕಾಲು ಮುರಿದುಕೊಂಡರು. ಕಾಲಿನ ನೋವು ಬೆನ್ನಿಗೂ ಹರಡಿ, ಅದರ ಹಿಂದೆ ಬೇರೆ ಬೇನೆಗಳೂ ಬಂದುವು. 1951ನೆಯ ಜನವರಿ 18ರಂದು ಪ್ರಾಣ ಬಿಡುವವರೆಗೆ, ಅಂದರೆ ಸುಮಾರು ಇಪ್ಪತ್ತು ವರ್ಷ, ಬಹುಮಟ್ಟಿಗೆ ಒಂದೇ ಕೋಣೆಯಲ್ಲಿ ಕಳೆದರು. ಚರಕನ ಮಾತಿನಲ್ಲಿ ಹೇಳುವುದಾದರೆ ಇದು ಯಾಪ್ಯವೇ ಸರಿ.

ಇವರ ಮೊದಲಿನ ಗ್ರಂಥಗಳಲ್ಲಿ, ವಿಶೇಷವಾಗಿ 1903ರಲ್ಲಿ ಬಂದ ‘ಥಿಂಗ್ಸ್ ಆಸ್ ದೇ ಆರ್’ ಎಂಬುದರಲ್ಲಿ, ಹಿಂದೂ ಸಮಾಜದ ವಿಷಯವಾಗಿ ಕಠೋರವಾದ ಮಾತುಗಳಿರುವುವು. ಅವುಗಳಲ್ಲಿ ಕೆಲವು ದಿಟ, ಕೆಲವು ಏಕಪಕ್ಷೀಯ. ಅದೇ ಲೇಖನಿಯೆಂದು ಈ ಗ್ರಂಥವನ್ನೂ ದೂರವಿಡುವ ವಾಚಕರು ಇರಬಹುದು. ಹಾಗೆ ಮಾಡಿದರೆ ನಷ್ಟವು ವಾಚಕರದೇ. ಈ ಗ್ರಂಥದಲ್ಲಿ ಮಾತನಾಡುವವರು ಪ್ರಚಾರಕ್ಕೆ ಹೊರಟವರಲ್ಲ, ರಾತ್ರಿಯಲ್ಲಿ ನಿದ್ರೆ ಬಾರದವರು.

ಗ್ರಂಥದ ಹುಟ್ಟೇ ಒಂದು ಆಕ್ಷೇಪದಿಂದ. ಹಾಸಿಗೆ ಹಿಡಿದವರಿಗೆ ಧೈರ್ಯ ಹೇಳಲೆಂದು ಅಚ್ಚಾದ ಕಿರುಹೊತ್ತಗೆಗಳು ಕ್ರೈಸ್ತ ದೇಶಗಳಲ್ಲಿ ಹೇರಳವಾಗಿರುವುವು. ಅಂಥವನ್ನು ಓದಿದ ಈ ಗ್ರಂಥಕರ್ತ್ರಿಗೆ ಅವು ಹಿಡಿಸಲಿಲ್ಲ. ಅವೆಲ್ಲವೂ ಆರೋಗ್ಯವಂತರು ಅಸ್ವಸ್ಥರಿಗೆ ಬರೆದವು ಎಂಬುದು ಅವರ ಆಕ್ಷೇಪ. ಆದಕಾರಣ ದೋಹ್ನಾವೂರಿನ ಮಿತ್ರವರ್ಗದಲ್ಲಿ ರೋಗಪೀಡಿತರಾಗಿದ್ದವರನ್ನು ಉದ್ದೇಶಿಸಿ ತಾವೇ ಪತ್ರಗಳನ್ನು ಬರೆದರು. ಆ ಪತ್ರಗಳೇ ಈ ಗ್ರಂಥ. ನೋವು ಶಮನವಾದ ಮೇಲೆ ನಿಧಾನವಾಗಿ ತಿದ್ದಿ ಬರೆಯೋಣವೆಂದು ಕಾದವರಲ್ಲ. ನೋವಿರುವಾಗಲೇ ಬರೆದರು. ಇದೇ ಈ ಗ್ರಂಥದ ಪ್ರಾಮಾಣ್ಯ. ನ್ಯಾಯಶಾಸ್ತ್ರದಲ್ಲಿ ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುವಾಗ, ವಿಷಯವನ್ನು ಸಾಕ್ಷಾತ್ಕರಿಸಿಕೊಂಡವನೇ ಆಪ್ತನೆಂದು ಲಕ್ಷಣ ಹೇಳುವರಷ್ಟೆ. ನಡೆಯಬಲ್ಲವನು ನಡೆಯಲಾರದವನಿಗೆ ತಾಳ್ಮೆಯನ್ನು ಉಪದೇಶಿಸಿದರೆ ಮಾತು ನಿಜವಾಗಿದ್ದರೂ ಆಪ್ತವಾಕ್ಯವಾಗದು.

ಈ ಆಕ್ಷೇಪವು ಹೊಸದೇನೂ ಅಲ್ಲ. ಬೈಬಲ್ಲಿನ ಪೂರ್ವಭಾಗದಲ್ಲಿರುವ ಯೋಬನ ಗ್ರಂಥವನ್ನು ನೋಡಬಹುದು. ಮಕ್ಕಳನ್ನೂ ಐಶ್ವರ್ಯವನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತ ಯೋಬನ ಬಳಿಗೆ ಮೂವರು ಮಿತ್ರರು ಬರುವರು. ಏಳು ಹಗಲು ಏಳು ರಾತ್ರಿ ಏನೂ ಮಾತನಾಡದೆ ಅವನೊಡನೆ ನೆಲದ ಮೇಲೆ ಕುಳಿತಿರುವರು. ಅಷ್ಟರಲ್ಲಿ ಎದ್ದು ಹೋಗಿದ್ದರೆ ಅವರಿಗಿಂತ ಉತ್ತಮರಾದ ಮಿತ್ರರು ಯಾವ ಪುರಾಣದಲ್ಲಿಯೂ ಇಲ್ಲವೆನ್ನಬಹುದಾಗಿತ್ತು. ಆದರೆ ಅವರು ಬಾಯಿ ತೆರೆದರು. ನೀನು ಪಾಪ ಮಾಡಿರಬೇಕು, ಇಲ್ಲದಿದ್ದರೆ ದೇವರು ನಿನ್ನನ್ನೇಕೆ ಶಿಕ್ಷಿಸುವನು ಎಂದು ಅಧ್ಯಾಯದ ಮೇಲೆ ಅಧ್ಯಾಯವಾಗಿ ವಾದಿಸಿದರು. ಕಡೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಗೋಳಿಟ್ಟು ಜಗಳವಾಡಿದ ಯೋಬನ ಮೇಲಲ್ಲ, ದೇವರ ಪಕ್ಷವನ್ನು ಹಿಡಿದು ಮಾತನಾಡಿದ ಮಿತ್ರರ ಮೇಲೆ.

ಇಲ್ಲಿ ನಮ್ಮವರು ತಮ್ಮ ಎದೆಯನ್ನೂ ಮುಟ್ಟಿ ನೋಡಿಕೊಳ್ಳುವುದು ಉಚಿತ. ರೋಗಿಯ ಮಂಚದ ಬಳಿ ಕುಳಿತು ‘ಪ್ರಾರಬ್ಧವನ್ನು ಅನುಭವಿಸಿಯೇ ತೀರಬೇಕು’ ಎಂದು ನಿಟ್ಟುಸಿರುಬಿಟ್ಟು, ಕಾಫಿ ಕುಡಿದು ಎದ್ದುಹೋಗುವ ಬಂಧುಗಳು ಯಾವ ಊರಿನಲ್ಲಿಲ್ಲ? ಕರ್ಮಸಿದ್ಧಾಂತವು ಶಾಸ್ತ್ರದಲ್ಲಿ ಗಂಭೀರವಾದುದು. ತನ್ನ ದುಃಖಕ್ಕೆ ತಾನೇ ಅನ್ವಯಿಸಿಕೊಂಡರೆ ಧೈರ್ಯವನ್ನೂ ಕೊಡುವುದು. ಇನ್ನೊಬ್ಬನ ದುಃಖಕ್ಕೆ ಅನ್ವಯಿಸಿದೊಡನೆ ಅದೇ ಸಿದ್ಧಾಂತವು ಕಲ್ಲಾಗುವುದು. ಯೋಹಾನನ ಸುವಾರ್ತೆಯಲ್ಲಿ ಶಿಷ್ಯರು ಒಬ್ಬ ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳುವರು. ಇಬ್ಬರೂ ಅಲ್ಲವೆಂದು ಕ್ರಿಸ್ತನು ಪ್ರಶ್ನೆಯನ್ನೇ ತಳ್ಳಿಹಾಕುವನು. ಕಾರ್ಮೈಕಲ್ಲರ ಗ್ರಂಥವು ನಿಂತಿರುವ ನೆಲವು ಇದೇ. ನೋವು ಏತಕ್ಕೆ ಬಂದಿತೆಂಬ ವಿಚಾರಕ್ಕೆ ಅವರು ಹೆಚ್ಚು ಎಡೆಗೊಡುವುದಿಲ್ಲ. ಬಂದ ನೋವನ್ನು ಏನು ಮಾಡಬೇಕೆಂಬುದರಲ್ಲಿಯೇ ಅವರ ಗಮನವೆಲ್ಲ.

ವ್ಯಾಧಿಯಿಂದ ಹುಟ್ಟಿದ ಸ್ತೋತ್ರಗಳು ಸಂಸ್ಕೃತದಲ್ಲಿ ಕಡಿಮೆಯಿಲ್ಲ. ಮಯೂರನ ಸೂರ್ಯಶತಕವು ಕುಷ್ಠನಿವಾರಣೆಗಾಗಿ ಹುಟ್ಟಿತೆಂದು ಐತಿಹ್ಯವುಂಟು. ಮೇಲ್ಪತ್ತೂರು ನಾರಾಯಣ ಭಟ್ಟತಿರಿಯ ನಾರಾಯಣೀಯವು ಇವೆಲ್ಲಕ್ಕೂ ಶಿಖರಪ್ರಾಯವಾದುದು. ವ್ಯಾಕರಣದಲ್ಲಿ ಪ್ರಕ್ರಿಯಾಸರ್ವಸ್ವದಂಥ ಗ್ರಂಥವನ್ನು ಬರೆದ ಆ ಮಹಾಪಂಡಿತನು ವಾತರೋಗದಿಂದ ಪೀಡಿತನಾಗಿ ಗುರುವಾಯೂರಿನಲ್ಲಿ ಕುಳಿತು, ಭಾಗವತವನ್ನು ನೂರು ದಶಕಗಳಲ್ಲಿ, ಸಾವಿರಕ್ಕೆ ಮೀರಿದ ಶ್ಲೋಕಗಳಲ್ಲಿ ಸಂಗ್ರಹಿಸಿದನು. ದಶಕವು ಮುಗಿಯುವಾಗ ರೋಗವನ್ನು ಕಳೆಯೆಂಬ ಬೇಡಿಕೆಯು ಮತ್ತೆ ಮತ್ತೆ ಬರುವುದು. ನೂರನೆಯ ದಿನ ರೋಗವು ಬಿಟ್ಟಿತೆಂದು ಸಂಪ್ರದಾಯ. ಕಾವ್ಯದ ಕಡೆಯ ಮಾತಿನಲ್ಲಿಯೇ ಕಟಪಯಾದಿ ಕ್ರಮದಿಂದ ಅದು ಮುಗಿದ ದಿನವು ಹುದುಗಿರುವುದು. ಅದು 1586ನೆಯ ಇಸವಿಗೆ ಸರಿಹೋಗುವುದು. ಕನ್ನಡದಲ್ಲಿಯೂ ಜಗನ್ನಾಥದಾಸರ ಉದರಶೂಲೆಯು ಗೋಪಾಲದಾಸರ ಅನುಗ್ರಹದಿಂದ ನಿವಾರಣೆಯಾದ ಕಥೆಯನ್ನು ಹರಿಕಥಾಮೃತಸಾರವನ್ನು ಓದುವವರೆಲ್ಲರೂ ಬಲ್ಲರು.

ಇವೆಲ್ಲವೂ ವಾಸಿಯಾದವರ ಕಥೆಗಳು. ವಾಸಿಯಾಗದವನು ಇವನ್ನು ಕೇಳಿದಾಗ ಅವನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆ. ತನ್ನ ಭಕ್ತಿಯಲ್ಲಿ ಏನು ಕೊರತೆ? ನೂರು ದಿನವಲ್ಲ, ಸಾವಿರ ದಿನ ಪಾರಾಯಣ ಮಾಡಿದರೂ ಕೀಲುಗಳು ಸಡಿಲವಾಗಲಿಲ್ಲವೇಕೆ? ಭಟ್ಟತಿರಿಯ ಕಾವ್ಯದ ಹಿರಿಮೆಗೆ ಇದರಿಂದ ಕುಂದಿಲ್ಲ; ಆದರೆ ಆ ಪ್ರಶ್ನೆಗೆ ಅದರಲ್ಲಿ ಉತ್ತರವೂ ಇಲ್ಲ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯವು ಇಲ್ಲಿ ಬೇರೆ ದಾರಿ ಹಿಡಿಯುವುದು. ತನ್ನ ಶರೀರದಲ್ಲಿ ನಾಟಿರುವ ಒಂದು ಬಾಧೆಯನ್ನು ತೆಗೆಯಬೇಕೆಂದು ಅವನು ಮೂರು ಸಲ ಬೇಡಿದನು, ತೆಗೆಯಲಿಲ್ಲ. ಕೃಪೆಯೇ ಸಾಕು, ಬಲಹೀನತೆಯಲ್ಲಿಯೇ ಬಲವು ಪೂರ್ಣವಾಗುವುದು ಎಂಬ ಅರ್ಥದ ಉತ್ತರ ಮಾತ್ರ ಬಂದಿತು. ಅಪೊಸ್ತಲನಿಗೇ ವಾಸಿಯಾಗಲಿಲ್ಲವೆಂದ ಮೇಲೆ ವಾಸಿಯಾಗದಿರುವುದು ಭಕ್ತಿಹೀನತೆಯ ಗುರುತಲ್ಲವಷ್ಟೆ. ಮೂಲದ ಗ್ರೀಕು ಶಬ್ದಕ್ಕೆ ಮುಳ್ಳು, ಚೂಪಾದ ಗೂಟ ಎಂಬ ಎರಡು ಅರ್ಥಗಳೂ ಉಂಟು. ಇಂಗ್ಲಿಷಿನವರು ಮುಳ್ಳೆಂದರು, ಕನ್ನಡ ಬೈಬಲ್ಲಿನವರು ಶೂಲವೆಂದರು. ಆಯುಧಕ್ಕೂ ಬೇನೆಗೂ ಒಂದೇ ಹೆಸರಿರುವ ನಮ್ಮ ಭಾಷೆಯ ಪದವು ಇಲ್ಲಿ ಇಂಗ್ಲಿಷಿಗಿಂತ ಹೆಚ್ಚು ಹೊಂದಿಕೆಯಾಗಿರುವುದು.

ಕಾರ್ಮೈಕಲ್ಲರ ವಿಚಾರವು ಅತ್ಯಂತ ಸ್ಪಷ್ಟವಾಗಿರುವುದು ಈ ಗ್ರಂಥಕ್ಕಿಂತಲೂ 1936ರಲ್ಲಿ ಬಂದ ‘ಟುವರ್ಡ್ ಜೆರೂಸಲೆಮ್’ ಎಂಬ ಪದ್ಯಸಂಗ್ರಹದ ಒಂದು ಚಿಕ್ಕ ಪದ್ಯದಲ್ಲಿ. ದುಃಖಿತನೊಬ್ಬನು ಶಾಂತಿಯನ್ನು ಹುಡುಕುವನು. ಮರೆಯಲು ಯತ್ನಿಸುವನು, ಶಾಂತಿ ಸಿಕ್ಕದು. ಕೆಲಸದ ಮೇಲೆ ಕೆಲಸವನ್ನು ಹೇರಿಕೊಳ್ಳುವನು, ಸಿಕ್ಕದು. ಎಲ್ಲರಿಂದ ದೂರವಾಗಿ ಒಳಸರಿಯುವನು, ಸಿಕ್ಕದು. ನಾಲ್ಕನೆಯದಾಗಿ, ಸೋತೆನೆಂದು ದೇವರಿಗೆ ಮಣಿಯುವನು, ಅಲ್ಲಿಯೂ ಸಿಕ್ಕದು. ಐದನೆಯದಾದ ಅಂಗೀಕಾರದಲ್ಲಿ ಮಾತ್ರ ಅದು ದೊರೆಯುವುದು. ಸಾಮಾನ್ಯನಾದ ಧರ್ಮೋಪದೇಶಕನು ನಾಲ್ಕನೆಯ ಮೆಟ್ಟಿಲಲ್ಲಿ ನಿಂತು ಬಿಡುತ್ತಿದ್ದನು. ಮಣಿಯುವುದೂ ಅಂಗೀಕರಿಸುವುದೂ ಒಂದೇ ಎಂದು ಯಾರಿಗಾದರೂ ತೋರುವುದು ಸಹಜ. ಮಣಿದವನಲ್ಲಿ ಸೋಲಿನ ಕಹಿ ಉಳಿಯುವುದು. ಅವನು ಆಯುಧವನ್ನು ಕೆಳಗಿಟ್ಟಿರುವನು, ವೈರವನ್ನಲ್ಲ. ಈ ಭೇದವನ್ನು ಕಂಡುದೇ ಈ ಗ್ರಂಥಕರ್ತ್ರಿಯ ಹೆಚ್ಚುಗಾರಿಕೆ. ಗ್ರಂಥದ ಉತ್ತಮವಾದ ಪುಟಗಳೆಲ್ಲ ಇದರ ವಿಸ್ತರಣವೇ.

ಹೀಗೆಂದು ದೋಷಗಳಿಲ್ಲವೆಂದಲ್ಲ. ಗ್ರಂಥಕರ್ತ್ರಿಯು ನೋವಿನ ವರ್ಣನೆಯಲ್ಲಿ ಬಹಳ ಬಿಗಿ. ಯೋಬನು ತಾನು ಹುಟ್ಟಿದ ದಿನವನ್ನೇ ಶಪಿಸಿದನು; ಕೀರ್ತನೆಗಳ ಗ್ರಂಥದಲ್ಲಿ 88ನೆಯದು ಬೆಳಕಿನ ಒಂದು ಎಳೆಯೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುವುದು. ತಮ್ಮ ಧರ್ಮಗ್ರಂಥವು ಇಷ್ಟು ಸಲುಗೆಯನ್ನು ಕೊಟ್ಟಿರುವಾಗ ಇವರು ಅದನ್ನು ಬಳಸಿಕೊಂಡುದು ಸಾಲದು. ಗೋಳಾಡುವ ರೋಗಿಯು ಇದನ್ನು ಓದಿ, ತನಗೆ ಈ ಪ್ರಸನ್ನತೆಯಿಲ್ಲವಲ್ಲಾ ಎಂದು ಇನ್ನಷ್ಟು ಕುಗ್ಗಬಹುದು. ಆಗ ರೋಗಿಯು ರೋಗಿಗೆ ಬರೆದ ಪತ್ರವೂ ಆರೋಗ್ಯವಂತನ ಉಪದೇಶದಂತೆಯೇ ಕೇಳಿಸುವುದು. ಮಾತುಮಾತಿಗೆ ಪದ್ಯಗಳನ್ನೂ ಇತರರ ನುಡಿಗಳನ್ನೂ ಪೋಣಿಸುವ ಚಾಪಲ್ಯವೂ ಉಂಟು. ಆ ಕಾಲದ ಇಂಗ್ಲಿಷ್ ಭಕ್ತಿಗ್ರಂಥಗಳಿಗೆಲ್ಲ ಇದು ಸಾಮಾನ್ಯ.

ಇದಕ್ಕಿಂತ ಗುರುತರವಾದುದು ಇನ್ನೊಂದು. ಅಪಘಾತವಾದ ದಿನ ಬೆಳಿಗ್ಗೆ, ತನ್ನನ್ನು ಸೇವೆಗೆ ತಕ್ಕವಳನ್ನಾಗಿ ಮಾಡಲು ಏನು ಬೇಕಾದರೂ ಮಾಡು ಎಂದು ಅವರು ದೇವರನ್ನು ಬೇಡಿದ್ದರೆಂದೂ, ಬಿದ್ದುದು ಅದಕ್ಕೆ ಬಂದ ಉತ್ತರವೆಂದೂ ಅವರ ಚರಿತ್ರೆಯನ್ನು ಹೇಳುವವರು ಬರೆಯುವರು. ಆಕೆಯು ಹಾಗೆ ಭಾವಿಸಿದರೆ ಅದು ಆಕೆಗೂ ಆಕೆಯ ದೇವರಿಗೂ ಸಂಬಂಧಪಟ್ಟುದು. ಉಳಿದವರು ಅದನ್ನು ಸಿದ್ಧಾಂತವನ್ನಾಗಿ ಮಾಡಬಾರದು. ದಾರಿಯಲ್ಲಿ ಗುಂಡಿ ತೋಡಿ ಮುಚ್ಚದೆ ಬಿಟ್ಟವರ ಅಜಾಗರೂಕತೆಗೆ ಭಗವತ್ಸಂಕಲ್ಪವೆಂಬ ಹೆಸರು ಬಂದರೆ, ಮುಂದೆ ಯಾರೂ ಗುಂಡಿ ಮುಚ್ಚುವುದಿಲ್ಲ. ನೋವಿನ ವಿಷಯದಲ್ಲಿಯೂ ಹೀಗೆಯೇ. ಅಂಗೀಕಾರವೆಂದರೆ ಔಷಧವನ್ನು ಬೇಡವೆನ್ನುವುದಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಎಂಬ ಶುಶ್ರೂಷಾಲಯವನ್ನು ತೆರೆದ ಸಿಸಿಲಿ ಸಾಂಡರ್ಸರೂ ಕ್ರೈಸ್ತಭಕ್ತೆಯೇ. ನೋವಿಗೆ ದೇಹ, ಮನಸ್ಸು, ಸಂಸಾರ, ಆತ್ಮ ಎಂಬ ನಾಲ್ಕು ಮುಖಗಳುಂಟೆಂದು ಅವರು ಬೋಧಿಸಿದರು. ನೋವು ಮರುಕಳಿಸುವ ಮೊದಲೇ ಹೊತ್ತುಹೊತ್ತಿಗೆ ಔಷಧ ಕೊಡಬೇಕೆಂಬುದು ಅವರ ಕ್ರಮ. ಚರಕನು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿರುವನು. ದೋಹ್ನಾವೂರಿನ ಆ ಕೋಣೆಯಲ್ಲಿ ಪರಿಚಾರಕಪಾದವು ಸಮೃದ್ಧವಾಗಿದ್ದಿತು. ಸಾಕಿದ ಹೆಣ್ಣುಮಕ್ಕಳೇ ಸುತ್ತಲೂ ಇದ್ದರು. ಸೊಸೆಯ ಗೊಣಗಾಟವನ್ನು ಕೇಳುತ್ತ ಹಜಾರದ ಮೂಲೆಯಲ್ಲಿ ಮಲಗಿರುವ ಮುದುಕಿಗೆ ಅಂಗೀಕಾರವು ಅಷ್ಟು ಸುಲಭವಲ್ಲ. ಈ ಗ್ರಂಥವನ್ನು ಆಕೆಯ ಕೈಗೆ ಕೊಡುವವನು ಮೊದಲು ಆಕೆಯ ಹಾಸಿಗೆಯನ್ನು ಕೊಡವಿ ಹಾಸಿ, ಕುಡಿಯಲು ನೀರನ್ನು ಕೈಗೆಟಕುವಂತಿಟ್ಟು, ಅನಂತರ ಕೊಡಬೇಕು.

ಇಂಥ ಗ್ರಂಥವು ಕನ್ನಡಕ್ಕೆ ಬರತಕ್ಕುದೇ? ಬರತಕ್ಕುದೆಂದೇ ಹೇಳಬೇಕು, ಇಡಿಯಾಗಿ ಅಲ್ಲದಿದ್ದರೂ ಆಯ್ದ ಭಾಗಗಳಾದರೂ ಬರಬೇಕು. ಭಾಷಾಂತರಕಾರನಿಗೆ ತೊಡಕಾಗುವುದು ಆ ಐದನೆಯ ಮೆಟ್ಟಿಲಿನ ಹೆಸರೇ. ಸಹನೆಯೆಂದರೆ ಸಾಲದು, ಹಲ್ಲು ಕಚ್ಚಿಕೊಂಡಿರುವುದೂ ಸಹನೆಯೇ. ತಿತಿಕ್ಷೆಯು ಸಾಧಕನಿಗೆ ಹೇಳಿದ ಗುಣ. ಅದರಲ್ಲಿ ಅಭ್ಯಾಸದ ಶ್ರಮ ಕಾಣುವುದು. ಶರಣಾಗತಿಯೆಂದರೆ ಹತ್ತಿರ ಬರುವುದು, ಆದರೆ ನಾಲ್ಕನೆಯ ಮೆಟ್ಟಿಲಿನ ಮಣಿಯುವಿಕೆಯೊಡನೆ ಬೆರೆತುಹೋಗುವ ಅಪಾಯವಿದೆ. ಅಂಗೀಕಾರವು ಸರಿಯಾದ ಪದವಾದರೂ ಕಚೇರಿಯ ಕಾಗದದ ವಾಸನೆ ಹೊಡೆಯುವುದು. ಅಚ್ಚಗನ್ನಡದ ‘ಒಪ್ಪು’ ಎಂಬುದನ್ನು ಪರೀಕ್ಷಿಸಿ ನೋಡಬಹುದು. ಒಪ್ಪುವುದೆಂದರೆ ಸಮ್ಮತಿಸುವುದು, ಹಳಗನ್ನಡದಲ್ಲಿ ಅದಕ್ಕೆ ಸೊಗಸಾಗಿ ಕಾಣುವುದು, ಶೋಭಿಸುವುದು ಎಂಬ ಅರ್ಥವೂ ಉಂಟು. ಪಂಪನನ್ನು ಓದಿದವರಿಗೆ ಇದು ತಿಳಿದ ಮಾತೇ. ಭಾಷಾಂತರಕಾರನು ಈ ಪದವನ್ನೇ ಇಟ್ಟು, ಪುಟದ ಅಡಿಯಲ್ಲಿ ಎರಡನೆಯ ಅರ್ಥವನ್ನೂ ಸೂಚಿಸಿದರೆ ಚೆನ್ನಾಗಿರುವುದು.