ವಿಮರ್ಶೆಯೋ, ಹೀಯಾಳಿಕೆಯೋ?

ಲೆಕ್ಕಪರಿಶೋಧಕನು ಅಂಗಡಿಗೆ ಬಂದಾಗ ಖಾತೆಪುಸ್ತಕವನ್ನು ನೋಡುತ್ತಾನೆ. ಅಂಗಡಿಯವನ ತಂದೆ ಯಾರು, ಅವನು ಯಾವ ಬೀದಿಯಲ್ಲಿ ಹುಟ್ಟಿದನು ಎಂದು ಕೇಳುವುದಿಲ್ಲ. ವಾಣಿಜ್ಯ ಪದವಿಯ ತರಗತಿಯಲ್ಲಿ ಕಲಿತ ಈ ಸಣ್ಣ ಸಂಗತಿಯು ಸಾಹಿತ್ಯಕ್ಕೂ ಅನ್ವಯಿಸುವುದೆಂದು ನನಗೆ ತೋರಿದ್ದು, ಆಂಗ್ಲ ಕವಿ ಜಾನ್ ಕೀಟ್ಸನ ಮೇಲೆ 1818ರಲ್ಲಿ ಬಂದ ಎರಡು ಲೇಖನಗಳ ವೃತ್ತಾಂತವನ್ನು ಓದಿದಾಗ.

ಕೀಟ್ಸನು ಕುದುರೆಲಾಯವನ್ನು ನೋಡಿಕೊಳ್ಳುತ್ತಿದ್ದವನ ಮಗ. ಔಷಧ ತಯಾರಿಸುವವನೊಬ್ಬನ ಬಳಿ ಕೆಲಸ ಕಲಿತು, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿ, 1816ರಲ್ಲಿ ಪರವಾನಗಿಯನ್ನೂ ಪಡೆದು, ಬಳಿಕ ಅದೆಲ್ಲವನ್ನೂ ತೊರೆದು ಕಾವ್ಯಕ್ಕೆ ಬಂದವನು. ‘ಎಂಡಿಮಿಯನ್’ ಎಂಬ ನಾಲ್ಕು ಭಾಗಗಳ, ನಾಲ್ಕು ಸಾವಿರ ಸಾಲುಗಳನ್ನು ಮೀರಿದ ಕಾವ್ಯವನ್ನು ಪ್ರಕಟಿಸಿದಾಗ ಅವನಿಗೆ 22 ವರ್ಷ. ಕೃತಿಯು ಅಪಕ್ವವಾದುದೆಂದು ಮುನ್ನುಡಿಯಲ್ಲಿ ತಾನೇ ಒಪ್ಪಿಕೊಂಡಿದ್ದನು.

ಆ ವರ್ಷದ ಆಗಸ್ಟಿನಲ್ಲಿ ಎಡಿನ್‌ಬರೋದ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯು ‘ಝಡ್’ ಎಂಬ ಒಂದಕ್ಷರದ ಮರೆಯಲ್ಲಿ ಅವನನ್ನು ಹಿಡಿದು ಅಲ್ಲಾಡಿಸಿತು. ಬರೆದವನು ಜಾನ್ ಗಿಬ್ಸನ್ ಲಾಕ್‌ಹಾರ್ಟ್, ಅವನೂ ಹರೆಯದವನೇ. ಕವಿಯು ಗುಳಿಗೆ ಮುಲಾಮುಗಳ ಅಂಗಡಿಗೇ ಹಿಂತಿರುಗಲೆಂಬುದು ಅವನ ಉಪದೇಶದ ಸಾರ. ಅಂಗಡಿಯಲ್ಲಿಯೇ ಜೀವಮಾನ ಸವೆಸಿದ ನನ್ನಂಥವನಿಗೆ ಇಲ್ಲಿ ತುಸು ಕೋಪ ಬರುವುದು ಸಹಜ. ಅಂಗಡಿ ಎಂಬುದು ಎಂದಿನಿಂದ ಬೈಗುಳವಾಯಿತೋ ತಿಳಿಯದು. ಇನ್ನೂ ನೋವಿನ ಸಂಗತಿ ಬೇರೆಯಿದೆ. ಈ ಔಷಧದಂಗಡಿಯ ಸುದ್ದಿಯನ್ನು ಲಾಕ್‌ಹಾರ್ಟನಿಗೆ ತಿಳಿಸಿದವನು ಕೀಟ್ಸನ ಮಿತ್ರನಾದ ಬೆಂಜಮಿನ್ ಬೈಲಿ. ಗೆಳೆಯನ ಪರವಾಗಿ ಒಳ್ಳೆಯ ಮಾತನಾಡಲು ಹೋಗಿ ಹೇಳಿದ ವಿಷಯವೇ ಆಯುಧವಾಯಿತು. ಆ ಕಾವ್ಯದಲ್ಲಿ ದೋಷಗಳಿದ್ದುವು, ನಿಜ. ಆದರೆ ದೋಷಗಳನ್ನು ತೋರಿಸಲು ಕವಿಯ ಕಸುಬಿನ ಪ್ರಸ್ತಾಪ ಯಾಕೆ ಬೇಕಾಯಿತು? ಅವನು ಲೀ ಹಂಟನ ಬಳಗದವನೆಂಬುದೂ, ರಾಜಕುಮಾರನನ್ನು ನಿಂದಿಸಿದ ಆರೋಪದಲ್ಲಿ ಸೆರೆವಾಸ ಕಂಡಿದ್ದ ಆ ಹಂಟನ ರಾಜಕೀಯ ವಿಚಾರಗಳು ಪತ್ರಿಕೆಗೆ ಸಹ್ಯವಾಗಿರಲಿಲ್ಲವೆಂಬುದೂ ಇದರ ಹಿಂದಿನ ಕಾರಣಗಳು.

‘ಕ್ವಾರ್ಟರ್ಲಿ ರಿವ್ಯೂ’ದಲ್ಲಿ ಹೆಸರಿಲ್ಲದೆ ಬರೆದ ಜಾನ್ ವಿಲ್ಸನ್ ಕ್ರೋಕರನ ಲೇಖನವನ್ನು ಇದರೊಡನೆ ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ನಾನು ಒಪ್ಪಲಾರೆ. ಕ್ರೋಕರನು ನಿರ್ದಯಿ, ನಾಲ್ಕು ಭಾಗಗಳಲ್ಲಿ ಮೊದಲನೆಯದನ್ನು ಮಾತ್ರ ಓದಿದ್ದೇನೆಂದು ತಾನೇ ಹೇಳಿಕೊಂಡವನು. ಇದು ಸೋಮಾರಿತನ, ಒಂದು ತಿಂಗಳ ಚೀಟಿಗಳನ್ನು ನೋಡಿ ವರ್ಷದ ಲೆಕ್ಕಕ್ಕೆ ಸಹಿ ಹಾಕಿದಂತೆ. ಆದರೂ ಅವನು ಸಾಲುಗಳನ್ನು ಎತ್ತಿ ತೋರಿಸುತ್ತಾನೆ. ಇಲ್ಲಿ ಭಾವವು ಪ್ರಾಸವನ್ನು ಹುಡುಕುತ್ತಿಲ್ಲ, ಪ್ರಾಸವೇ ಭಾವವನ್ನು ಎಳೆದೊಯ್ಯುತ್ತಿದೆ ಎಂದು ಆಕ್ಷೇಪಿಸುತ್ತಾನೆ. ಓದುಗನು ಆ ಸಾಲುಗಳನ್ನು ನೋಡಿ ಅಹುದೆನ್ನಬಹುದು, ಅಲ್ಲವೆನ್ನಬಹುದು. ಕವಿಯೂ ತಿದ್ದಿಕೊಳ್ಳಬಹುದು. ಅಂಗಡಿಗೆ ಹೋಗೆಂಬ ಮಾತಿಗೆ ಉತ್ತರವಾಗಿ ಅವನು ತಿದ್ದಿಕೊಳ್ಳುವುದಾದರೂ ಏನನ್ನು, ತನ್ನ ಹುಟ್ಟನ್ನೇ?

ಕೀಟ್ಸನು ಈ ಲೇಖನಗಳಿಂದಲೇ ಮಡಿದನೆಂಬ ಕಥೆಯನ್ನು ಶೆಲ್ಲಿ ಮೊದಲಾದವರು ಹಬ್ಬಿಸಿದರು. ಅವನನ್ನು ಕೊಂಡೊಯ್ದದ್ದು ಕ್ಷಯರೋಗ. ತಾಯಿಯೂ ತಮ್ಮನೂ ಅದರಿಂದಲೇ ತೀರಿಕೊಂಡಿದ್ದರು. 1818ರ ಅಕ್ಟೋಬರದಲ್ಲಿ ಪ್ರಕಾಶಕನಿಗೆ ಬರೆದ ಪತ್ರದಲ್ಲಿ, ಆ ಪತ್ರಿಕೆಗಳು ಕೊಡಬಹುದಾದ ನೋವಿಗಿಂತ ತನ್ನನ್ನು ತಾನೇ ವಿಮರ್ಶಿಸಿಕೊಂಡಾಗ ಆದ ನೋವು ಹೆಚ್ಚಿನದೆಂದು ಅವನು ತಿಳಿಸಿದ್ದಾನೆ. ಮರುವರ್ಷವೇ ಅವನ ಶ್ರೇಷ್ಠ ಪ್ರಗಾಥಗಳು ಬಂದುವು. ಆದರೆ ಹೀಯಾಳಿಕೆಯಿಂದ ಯಾರೂ ಸಾಯಲಿಲ್ಲವೆನ್ನುವಂತೆಯೂ ಇಲ್ಲ. ‘ಬ್ಲ್ಯಾಕ್‌ವುಡ್ಸ್’ನ ಈ ರೀತಿಯನ್ನು ಖಂಡಿಸಿದ ‘ಲಂಡನ್ ಮ್ಯಾಗಜಿನ್’ನ ಸಂಪಾದಕ ಜಾನ್ ಸ್ಕಾಟನು, ಜಗಳ ಬೆಳೆದು, ಲಾಕ್‌ಹಾರ್ಟನ ಮಿತ್ರನೊಡನೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಂತು ಗಾಯಗೊಂಡು, 1821ರ ಫೆಬ್ರುವರಿ 27ರಂದು ಸತ್ತನು. ಕೀಟ್ಸನು ರೋಮಿನಲ್ಲಿ ಕಣ್ಣು ಮುಚ್ಚಿ ಆಗ ನಾಲ್ಕು ದಿನಗಳಾಗಿದ್ದುವು.

ನಮ್ಮಲ್ಲಿ ಯಾರಾದರೂ ದೋಷವನ್ನೆತ್ತಿದರೆ ಉಪಗೂಹನದ ಹೆಸರು ಹೇಳಿ ಬಾಯಿ ಮುಚ್ಚಿಸುವುದುಂಟು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಈ ಅಂಗಕ್ಕೆ ನಿದರ್ಶನವಾಗಿ ಹೆಸರಿಸಿದ್ದು ಜಿನೇಂದ್ರಭಕ್ತ ಶ್ರೇಷ್ಠಿಯನ್ನು. ಜಿನಬಿಂಬದ ಛತ್ರದ ರತ್ನವನ್ನು ಕದ್ದ ಕಪಟವೇಷದ ಕ್ಷುಲ್ಲಕನನ್ನು ಅವನು ಜನರೆದುರಿಗೆ ಕಾಪಾಡಿದನೆಂಬುದನ್ನಷ್ಟೇ ನಾವು ನೆನೆಯುತ್ತೇವೆ. ಬಳಿಕ ಅವನನ್ನು ಏಕಾಂತದಲ್ಲಿ ಹೊರಗೆ ಕಳುಹಿಸಿದನೆಂಬುದನ್ನೂ, ರತ್ನವು ಮರಳಿ ಬಂದಿತೆಂಬುದನ್ನೂ ಮರೆಯುತ್ತೇವೆ. ಉಪಗೂಹನದ ಮುಂದಿನ ಅಂಗವು ಸ್ಥಿತಿಕರಣ. ಜಾರಿದವನನ್ನು ಮತ್ತೆ ನೆಲೆಗೆ ನಿಲ್ಲಿಸಬೇಕಾದರೆ ಜಾರಿದ್ದನ್ನು ಹೇಳಲೇಬೇಕಷ್ಟೆ.

ಇಷ್ಟು ಬರೆಯುವ ಅಧಿಕಾರ ನನಗಿದೆಯೋ ಎಂಬ ಸಂಶಯವೂ ಉಂಟು. ಕೆಲವು ವರ್ಷಗಳ ಹಿಂದೆ ಬಸದಿಯೊಂದರ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಯುವಕನೊಬ್ಬನು ಎದ್ದು, ಅಭಿಷೇಕದ ಕಾಣಿಕೆಯ ಒಂದು ರಸೀದಿ ಪುಸ್ತಕವು ಲೆಕ್ಕದಲ್ಲಿ ಕಾಣುತ್ತಿಲ್ಲವಲ್ಲ ಎಂದು ಕೇಳಿದನು. ಮಾತು ವಿನಯವಾಗಿಯೇ ಇತ್ತು. ಪುಸ್ತಕದ ಸಂಖ್ಯೆಯನ್ನೂ ಹೇಳಿದನು. ಹಿರಿಯರೊಬ್ಬರು, “ನಿಮ್ಮಪ್ಪ ಸಂತೆಯಲ್ಲಿ ಬೇಳೆ ಅಳೆಯುತ್ತಿದ್ದವನು, ನೀನು ನಮಗೆ ಲೆಕ್ಕ ಕಲಿಸಲು ಬಂದೆಯಾ ತಮ್ಮಾ?” ಎಂದರು. ಸಭೆ ನಕ್ಕಿತು. ನಾನೂ ನಕ್ಕೆನು. ನನ್ನ ತಂದೆಯವರೂ ಸಂತೆಯಲ್ಲಿ ಬೇಳೆ ಅಳೆದವರೇ ಎಂಬುದು ಮನೆಗೆ ಬರುವ ದಾರಿಯಲ್ಲಿ ನೆನಪಾಯಿತು.

ಆ ಯುವಕನು ಮತ್ತೆ ಸಭೆಗೆ ಬರಲಿಲ್ಲ. ಅವನ ತಾಯಿಯವರು ಅಷ್ಟಮಿ ಚತುರ್ದಶಿಗಳಂದು ದರ್ಶನಕ್ಕೆ ಬರುತ್ತಾರೆ. ಕಂಡಾಗ ಜೈ ಜಿನೇಂದ್ರ ಎನ್ನುತ್ತೇವೆ, ಅಷ್ಟೇ. ರಸೀದಿ ಪುಸ್ತಕವು ಈವರೆಗೂ ಸಿಕ್ಕಿಲ್ಲ.